ಎರಡು ಮೇಜುಗಳ ನಡುವೆ: ಅರವಿಂದ ಕಣ್ಣಿನ ಆಸ್ಪತ್ರೆಯ ದುಡಿಮೆಯ ಕ್ರಮ

ಆಡಳಿತ ನಿರ್ವಹಣೆಯ ಬರಹಗಳಲ್ಲಿ ‘ಧ್ಯೇಯ’ ಎಂಬ ಮಾತು ಈಚಿನ ದಶಕಗಳಲ್ಲಿ ಸವಕಲು ನಾಣ್ಯವಾಗಿದೆ. ಸಂಸ್ಥೆಯ ಮುಖ್ಯಸ್ಥರು ಉದಾತ್ತವಾದ ಗುರಿಯೊಂದನ್ನು ಸಾರಿ, ಅದನ್ನು ಗೋಡೆಯ ಮೇಲೆ ಬರೆಸಿ, ವರ್ಷಕ್ಕೊಮ್ಮೆ ಎಲ್ಲರನ್ನೂ ಸೇರಿಸಿ ನೆನಪಿಸಿದರೆ ನೌಕರರು ಒಂದೇ ಮನೆಯವರಂತೆ ದುಡಿಯತೊಡಗುತ್ತಾರೆ ಎಂಬುದು ಆ ಬರಹಗಳ ಒಳನಂಬಿಕೆ. ಇದಕ್ಕೆ ಭಾರತದಿಂದ ಮತ್ತೆ ಮತ್ತೆ ಕೊಡಲಾಗುವ ನಿದರ್ಶನ ಮಧುರೈನ ಅರವಿಂದ ಕಣ್ಣಿನ ಆಸ್ಪತ್ರೆ. 1993ರಲ್ಲಿ ಹಾರ್ವರ್ಡ್ ಬಿಸಿನೆಸ್ ಸ್ಕೂಲ್‌ನ ವಿ. ಕಸ್ತೂರಿ ರಂಗನ್ ಈ ಆಸ್ಪತ್ರೆಯನ್ನು ಕುರಿತು ಬರೆದ ಅಧ್ಯಯನವು ವ್ಯವಹಾರ ಶಿಕ್ಷಣದ ತರಗತಿಗಳಲ್ಲಿ ಪಾಠವಾಗಿ ನೆಲೆಯೂರಿತು. 2011ರಲ್ಲಿ ಪವಿತ್ರಾ ಮೆಹ್ತಾ ಮತ್ತು ಸುಚಿತ್ರಾ ಶೆಣೈ ಅವರ ‘ಇನ್‌ಫಿನಿಟ್ ವಿಷನ್’ ಎಂಬ ಪುಸ್ತಕ ಅದೇ ಕಥೆಯನ್ನು ಸಾಮಾನ್ಯ ಓದುಗರ ಮುಂದಿಟ್ಟಿತು. ಆದರೆ ಆಸ್ಪತ್ರೆಯ ನಿತ್ಯದ ಕೆಲಸವನ್ನು ಹತ್ತಿರದಿಂದ ನೋಡಿದರೆ, ಅಲ್ಲಿ ಧ್ಯೇಯ ಉಳಿದುಕೊಂಡಿರುವುದು ಸ್ಥಾಪಕರ ಉಪದೇಶದ ಬಲದಿಂದ ಎನ್ನುವುದಕ್ಕಿಂತ ಕೆಲಸವನ್ನು ಹಂಚಿದ ಬಗೆಯಿಂದ ಎನ್ನಬೇಕಾಗುತ್ತದೆ, ಮತ್ತು ಆ ಆಸ್ಪತ್ರೆಯ ಬಗ್ಗೆ ಏಳಬೇಕಾದ ಕಠಿಣ ಪ್ರಶ್ನೆಗಳೂ ಆ ಹಂಚಿಕೆಯಲ್ಲಿಯೇ ಇವೆ.

ಸ್ಥಾಪಕ ಗೋವಿಂದಪ್ಪ ವೆಂಕಟಸ್ವಾಮಿ (1918–2006) ಹೆರಿಗೆ ವೈದ್ಯರಾಗಬೇಕೆಂದಿದ್ದವರು; ಸೇನೆಯ ವೈದ್ಯಕೀಯ ದಳದಲ್ಲಿದ್ದಾಗ ತಗುಲಿದ ಸಂಧಿವಾತ ಬೆರಳುಗಳನ್ನು ತಿರುಚಿಹಾಕಿದ್ದರಿಂದ ಕಣ್ಣಿನ ವೈದ್ಯಕ್ಕೆ ಹೊರಳಿ, ಆ ಬೆರಳುಗಳಿಗೇ ಶಸ್ತ್ರ ಹಿಡಿಯುವುದನ್ನು ಕಲಿಸಿ, ಬಾಳಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆ ಮಾಡಿದರು. 1976ರಲ್ಲಿ, ಐವತ್ತೆಂಟರ ವಯಸ್ಸಿಗೆ ಸರ್ಕಾರಿ ಕೆಲಸದಿಂದ ನಿವೃತ್ತರಾದ ಮೇಲೆ, ತಮ್ಮಂದಿರು ಮತ್ತು ತಂಗಿಯರ ಕುಟುಂಬಗಳನ್ನು ಕಟ್ಟಿಕೊಂಡು ಹನ್ನೊಂದು ಹಾಸಿಗೆಗಳ ಆಸ್ಪತ್ರೆಯನ್ನು ತೆರೆದರು. ಶ್ರೀ ಅರವಿಂದರ ಮೇಲಿನ ಭಕ್ತಿ ಹೆಸರಿಗೆ ಕಾರಣವಾಯಿತು, ಮನೆಯ ಒಡವೆಗಳು ಬಂಡವಾಳಕ್ಕೆ. ಇಷ್ಟರ ಮಟ್ಟಿಗೆ ಇದು ಪರಿಚಿತವಾದ ತ್ಯಾಗದ ಕಥೆ. ಸಂಸ್ಥೆಯನ್ನು ಅರಿಯಲು ಇದು ಸಾಲದು, ಏಕೆಂದರೆ ಇಂಥ ತ್ಯಾಗದಿಂದ ಹುಟ್ಟಿ ಸ್ಥಾಪಕರೊಡನೆಯೇ ಮುಗಿದುಹೋದ ಸಂಸ್ಥೆಗಳಿಗೆ ಈ ದೇಶದಲ್ಲಿ ಬರವಿಲ್ಲ.

ಶಸ್ತ್ರಚಿಕಿತ್ಸೆಯ ಕೋಣೆಯನ್ನು ನೋಡಬೇಕು. ಅಲ್ಲಿ ಒಬ್ಬ ವೈದ್ಯರಿಗೆ ಎರಡು ಮೇಜುಗಳಿದ್ದು, ನಡುವೆ ಅತ್ತಿತ್ತ ತಿರುಗಬಲ್ಲ ಸೂಕ್ಷ್ಮದರ್ಶಕವಿರುತ್ತದೆ. ಒಂದು ಮೇಜಿನ ಮೇಲೆ ಪೊರೆ ತೆಗೆಯುವ ಕೆಲಸ ನಡೆಯುತ್ತಿರುವಾಗ ಪಕ್ಕದ ಮೇಜಿನ ಮೇಲೆ ಮುಂದಿನ ರೋಗಿಯನ್ನು ಮಲಗಿಸಿ, ಕಣ್ಣನ್ನು ಶುಚಿಗೊಳಿಸಿ, ಮುಖಕ್ಕೆ ಬಟ್ಟೆ ಹೊದಿಸಿ, ಉಪಕರಣಗಳನ್ನು ಬಳಸುವ ಅನುಕ್ರಮದಲ್ಲಿಯೇ ಜೋಡಿಸಿಟ್ಟಿರುತ್ತಾರೆ. ಮೊದಲ ಕಣ್ಣು ಮುಗಿದೊಡನೆ ವೈದ್ಯರು ಸೂಕ್ಷ್ಮದರ್ಶಕವನ್ನು ತಿರುಗಿಸಿಕೊಂಡು ಎರಡನೆಯ ಮೇಜಿನತ್ತ ಹೊರಳುತ್ತಾರೆ, ಮೊದಲ ಮೇಜನ್ನು ಮೂರನೆಯ ರೋಗಿಗಾಗಿ ಅಣಿಗೊಳಿಸುವುದು ಆ ಕ್ಷಣದಲ್ಲೇ ಶುರುವಾಗುತ್ತದೆ. ವೈದ್ಯರ ಸಮಯ ಈ ಇಡೀ ವ್ಯವಸ್ಥೆಯಲ್ಲಿ ಅತಿ ದುಬಾರಿಯಾದ ವಸ್ತುವಾದ್ದರಿಂದ, ವೈದ್ಯರಿಂದಲೇ ಆಗಬೇಕಾದ ಕೆಲಸವನ್ನು ಬಿಟ್ಟು ಉಳಿದೆಲ್ಲವನ್ನೂ ಅವರ ಕೈಯಿಂದ ತೆಗೆದು ಬೇರೆಯವರಿಗೆ ಒಪ್ಪಿಸಲಾಗಿದೆ. ಅರವಿಂದದ ಒಬ್ಬ ಶಸ್ತ್ರವೈದ್ಯರು ವರ್ಷಕ್ಕೆ ಸುಮಾರು 2,000 ಶಸ್ತ್ರಚಿಕಿತ್ಸೆಗಳನ್ನು ಮಾಡಬಲ್ಲರೆಂದು ಹೇಳುವಾಗ ಎಣಿಕೆಗೆ ಸಿಗುವುದು ವೈದ್ಯರ ಕೈಚಳಕ, ಎಣಿಕೆಯಿಂದ ಜಾರುವುದು ಪಕ್ಕದ ಮೇಜು. ಅಮೆರಿಕದ ಮೆಕ್‌ಡೊನಾಲ್ಡ್ಸ್ ಉಪಾಹಾರ ಸರಣಿಯು ಎಲ್ಲ ಊರುಗಳಲ್ಲೂ ಒಂದೇ ಗುಣಮಟ್ಟದ ತಿಂಡಿಯನ್ನು ಕೊಡುವ ಬಗೆ ವೆಂಕಟಸ್ವಾಮಿಯವರನ್ನು ಸೆಳೆದಿತ್ತೆಂಬ ಸಂಗತಿಯನ್ನು ಅವರ ಅಭಿಮಾನಿಗಳು ಸ್ವಾರಸ್ಯಕ್ಕಾಗಿ ಹೇಳುತ್ತಾರಾದರೂ ಅದು ತಮಾಷೆಯ ಮಾತಲ್ಲ: ಯೋಗಿಯ ಹಂಬಲವುಳ್ಳ ವೈದ್ಯರೊಬ್ಬರು ಕಾರ್ಖಾನೆಯ ಶಿಸ್ತನ್ನು ಕೀಳಾಗಿ ಕಾಣದೇ ಹೋದದ್ದು ಅವರ ನಾಯಕತ್ವದ ನಿಜವಾದ ವಿಶೇಷ.

ಇದನ್ನು ಕರ್ನಾಟಕದ ಓದುಗರು ತಮ್ಮದೇ ನೆಲದ ಇನ್ನೊಂದು ಬಾಳಿನ ಪಕ್ಕದಲ್ಲಿಟ್ಟು ನೋಡುವುದು ಉಚಿತ. ಬೀಳಗಿಯಲ್ಲಿ ಹುಟ್ಟಿದ ಡಾ. ಎಂ. ಸಿ. ಮೋದಿ (1916–2005) ವೆಂಕಟಸ್ವಾಮಿಯವರಿಗಿಂತ ಎರಡೇ ವರ್ಷ ಹಿರಿಯರು. ಊರೂರಿಗೆ ಹೋಗಿ ಶಾಲೆ, ಛತ್ರಗಳಲ್ಲಿ ಶಿಬಿರ ಹೂಡಿ ಪೊರೆ ತೆಗೆದ ಅವರನ್ನು ಜನ ‘ಕಣ್ಣು ಕೊಟ್ಟ ಅಣ್ಣ’ ಎಂದು ಕರೆದರು. 1968ರಲ್ಲಿ ತಿರುಪತಿಯ ಶಿಬಿರದಲ್ಲಿ ಒಂದೇ ದಿನ 833 ಶಸ್ತ್ರಚಿಕಿತ್ಸೆಗಳನ್ನು ಮಾಡಿದ ದಾಖಲೆ ಅವರ ಹೆಸರಿನಲ್ಲಿದೆ. ಮೋದಿಯವರ ಶಿಬಿರಗಳಲ್ಲೂ ಸಾಲು, ಸರದಿ, ಸಹಾಯಕರು, ಕೆಲಸದ ಹಂಚಿಕೆ ಎಲ್ಲವೂ ಇದ್ದವು. ಅಂಥ ವ್ಯವಸ್ಥೆಯಿಲ್ಲದೆ ಒಂದು ದಿನಕ್ಕೆ ಅಷ್ಟು ಕಣ್ಣುಗಳು ಸಾಧ್ಯವಿರಲಿಲ್ಲ. ಆದರೆ ಆ ವ್ಯವಸ್ಥೆ ಒಬ್ಬರ ಕೈಗಳ ಸುತ್ತ ಹೆಣೆದದ್ದು, ಅವರು ನಡೆದಲ್ಲಿಗೆ ನಡೆದು ಅವರು ನಿಂತಲ್ಲಿ ನಿಲ್ಲುವಂಥದ್ದು. ವೆಂಕಟಸ್ವಾಮಿಯವರು ಕಟ್ಟಿದ ವ್ಯವಸ್ಥೆಯಲ್ಲಿ ಮೇಜುಗಳ ನಡುವೆ ಯಾರೇ ನಿಂತರೂ ಕೆಲಸ ನಡೆಯುತ್ತದೆ. ಈ ಹೋಲಿಕೆಯಿಂದ ಮೋದಿಯವರ ಹಿರಿಮೆಗೆ ಕುಂದು ಬರಬೇಕಾಗಿಲ್ಲ. ಅವರ ದುಡಿಮೆಯ ಬಹುಭಾಗ ನಡೆದದ್ದು ಕೃತಕ ಮಸೂರ ಇನ್ನೂ ಎಟುಕದ ಕಾಲದಲ್ಲಿ, ಪೊರೆ ಕಟ್ಟಿದ ಮಸೂರವನ್ನು ತೆಗೆದು ಸೋಡಾಬುಡ್ಡಿ ಕನ್ನಡಕ ಕೊಟ್ಟು ಕಳಿಸುವುದೇ ಉತ್ತಮ ಚಿಕಿತ್ಸೆಯಾಗಿದ್ದ ಕಾಲದಲ್ಲಿ. ಆದರೂ ನಾಯಕತ್ವದ ಎರಡು ಮಾದರಿಗಳ ಅಂತರ ಇಲ್ಲಿ ಬಹಳ ಸ್ಪಷ್ಟವಾಗಿ ಕಾಣುತ್ತದೆ, ಮತ್ತು ಕನ್ನಡದ ಸಾರ್ವಜನಿಕ ಮನಸ್ಸು ಮೊದಲನೆಯದಕ್ಕೆ ಹೆಚ್ಚು ಸುಲಭವಾಗಿ ಕೈಮುಗಿಯುತ್ತದೆ ಎಂಬುದನ್ನೂ ಒಪ್ಪಿಕೊಳ್ಳಬೇಕು.

ಕೃತಕ ಮಸೂರದ ಸಂಗತಿಯೂ ಇದೇ ಬಗೆಯದು. ಕಣ್ಣಿನೊಳಗೆ ಕೂರಿಸುವ ಈ ಪುಟ್ಟ ಮಸೂರ ಹೊರದೇಶದಿಂದ ಬರುತ್ತಿದ್ದಾಗ ಅದರ ಬೆಲೆ ನೂರು ಡಾಲರ್‌ಗಳ ಆಸುಪಾಸಿನಲ್ಲಿದ್ದು, ಹಣ ಕೊಡುವವರಿಗೆ ಮಸೂರ, ಬಡವರಿಗೆ ಕನ್ನಡಕ ಎಂಬ ಭೇದ ಅನಿವಾರ್ಯವೆಂದೇ ಬಹುಮಂದಿ ತಿಳಿದಿದ್ದರು. 1992ರಲ್ಲಿ ಸಂಸ್ಥೆ ಆರೋಲ್ಯಾಬ್ ಎಂಬ ತಯಾರಿಕಾ ಘಟಕವನ್ನು ತೆರೆದು ಬೆಲೆಯನ್ನು ಹತ್ತು ಡಾಲರ್‌ಗಳ ಮಟ್ಟಕ್ಕೆ, ಮುಂದೆ ಅದಕ್ಕೂ ಕೆಳಕ್ಕೆ ಇಳಿಸಿತು. ಸಮಾನತೆಯ ಮಾತನ್ನು ಆಡಿ ಸುಮ್ಮನಾಗದೆ, ಅಸಮಾನತೆಗೆ ನೆಪವಾಗಿದ್ದ ವೆಚ್ಚವನ್ನೇ ಹುಡುಕಿ ಕತ್ತರಿಸಿದ ಈ ಕ್ರಮ ಅರವಿಂದದ ಚರಿತ್ರೆಯಲ್ಲೇ ಅತ್ಯಂತ ನಿಸ್ಸಂದಿಗ್ಧವಾದ ಸಾಧನೆ.

ಸಂಸ್ಥೆಯೊಂದರ ಧ್ಯೇಯ ಎಷ್ಟು ಗಟ್ಟಿಯೆಂಬುದನ್ನು ಅಳೆಯಲು, ಅದು ತನ್ನ ವೈಫಲ್ಯದ ಸುದ್ದಿಯನ್ನು ಹೇಗೆ ಸ್ವೀಕರಿಸುತ್ತದೆಂದು ನೋಡುವುದು ಒಂದು ಒಳ್ಳೆಯ ದಾರಿ. ಉಚಿತ ನೇತ್ರ ತಪಾಸಣಾ ಶಿಬಿರಗಳು ಅರವಿಂದದ ಹೆಮ್ಮೆಯಾಗಿದ್ದವು. ಆದರೆ 1990ರ ದಶಕದಲ್ಲಿ ಹಳ್ಳಿಗಳಲ್ಲಿ ನಡೆದ ಅಧ್ಯಯನವು ಕಣ್ಣಿನ ತೊಂದರೆಯಿದ್ದವರ ಪೈಕಿ ಶಿಬಿರಕ್ಕೆ ಬರುತ್ತಿದ್ದವರು ನೂರಕ್ಕೆ ಏಳು ಮಂದಿ ಮಾತ್ರ ಎಂದು ತೋರಿಸಿತು. ಚಿಕಿತ್ಸೆ ಪುಕ್ಕಟೆಯಾದರೂ ಬಸ್ಸಿನ ದುಡ್ಡು, ತಪ್ಪಿಹೋಗುವ ಕೂಲಿ, ಜೊತೆಗೆ ಬರುವವರ ಬಿಡುವು ಯಾವುದೂ ಪುಕ್ಕಟೆಯಲ್ಲ ಎಂಬ ಸತ್ಯ ಅದರ ಹಿಂದಿತ್ತು. ಇಂಥ ಅಂಕಿಯನ್ನು ಬಚ್ಚಿಟ್ಟು ಶಿಬಿರಗಳ ಜನಜಂಗುಳಿಯ ಚಿತ್ರಗಳನ್ನೇ ಮುಂದಿಡುವುದು ಯಾವ ಸಂಸ್ಥೆಗೂ ಸುಲಭವಿತ್ತು. ಅರವಿಂದವು ಅದನ್ನು ತಾನೇ ಹೇಳಿಕೊಂಡು, 2004ರಿಂದ ಹಳ್ಳಿಗಳ ನಡುವೆ ಕಾಯಂ ದೃಷ್ಟಿ ಕೇಂದ್ರಗಳನ್ನು, ಅಂದರೆ ತರಬೇತಿ ಪಡೆದ ಸಿಬ್ಬಂದಿ ಕಣ್ಣನ್ನು ಪರೀಕ್ಷಿಸಿ ಅಂತರಜಾಲದ ಮೂಲಕ ದೂರದ ವೈದ್ಯರ ಸಲಹೆ ಪಡೆಯುವ ಪುಟ್ಟ ಚಿಕಿತ್ಸಾಲಯಗಳನ್ನು, ತೆರೆಯತೊಡಗಿತು. ಶಸ್ತ್ರಚಿಕಿತ್ಸೆಯ ನಂತರ ಕಣ್ಣಿನೊಳಗೆ ಉಂಟಾಗುವ ಸೋಂಕಿನ ಲೆಕ್ಕವನ್ನೂ ಅಲ್ಲಿ ಇದೇ ನಿಷ್ಠುರತೆಯಿಂದ ಇಡುತ್ತಾರೆ: ಸುಮಾರು 6 ಲಕ್ಷ ಶಸ್ತ್ರಚಿಕಿತ್ಸೆಗಳ ದಾಖಲೆಯನ್ನು ಆಧರಿಸಿ 2017ರಲ್ಲಿ ಪ್ರಕಟವಾದ ಅಧ್ಯಯನವು, ಶಸ್ತ್ರಚಿಕಿತ್ಸೆಯ ಕೊನೆಯಲ್ಲಿ ಕಣ್ಣಿನೊಳಕ್ಕೆ ಪ್ರತಿಜೀವಕ ಔಷಧಿ ಕೊಡುವ ಕ್ರಮದಿಂದ ಸೋಂಕಿನ ಪ್ರಮಾಣ ಶೇ. 0.07ರಿಂದ ಶೇ. 0.02ಕ್ಕೆ ಇಳಿದುದನ್ನು ತೋರಿಸಿತು. ವೇಗ ಹೆಚ್ಚಿದರೆ ಗುಣ ಕೆಡುತ್ತದೆ ಎಂಬ ಸಹಜ ಶಂಕೆಗೆ ಭಕ್ತಿಯಿಂದ ಉತ್ತರ ಕೊಡಲಾಗದು, ಇಂಥ ಲೆಕ್ಕದಿಂದ ಮಾತ್ರ ಕೊಡಬಹುದು.

ಇನ್ನು ಪಕ್ಕದ ಮೇಜನ್ನು ಅಣಿಗೊಳಿಸುವವರ ವಿಷಯ. ಆಸ್ಪತ್ರೆಯ ಕಾಗದಪತ್ರಗಳಲ್ಲಿ ಇವರಿಗೆ ‘ಮಧ್ಯಮ ಹಂತದ ನೇತ್ರ ಸಿಬ್ಬಂದಿ’ ಎಂಬರ್ಥದ ಉದ್ದನೆಯ ಹೆಸರಿದೆ, ಬಾಯಿಮಾತಿನಲ್ಲಿ ‘ಸಿಸ್ಟರ್’. ಬಹುತೇಕ ಎಲ್ಲರೂ ತಮಿಳುನಾಡಿನ ಹಳ್ಳಿಗಳ ರೈತ ಕುಟುಂಬಗಳಿಂದ ಹನ್ನೆರಡನೆಯ ತರಗತಿ ಮುಗಿಸಿ ಬರುವ ಹೆಣ್ಣುಮಕ್ಕಳು. ಅಂಕಪಟ್ಟಿಗಿಂತ ಸ್ವಭಾವಕ್ಕೆ, ಮನೆಯ ಸಂಸ್ಕಾರಕ್ಕೆ ಬೆಲೆ ಕೊಟ್ಟು ಅವರನ್ನು ಆಯ್ದು, ಎರಡು ವರ್ಷ ತರಬೇತಿ ಕೊಟ್ಟು, ಒಬ್ಬೊಬ್ಬರನ್ನು ಒಂದೊಂದು ಕೆಲಸದಲ್ಲಿ ಪಳಗಿಸಲಾಗುತ್ತದೆ: ದೃಷ್ಟಿಯ ಅಳತೆ, ಕಣ್ಣಿನ ಒತ್ತಡದ ಅಳತೆ, ಶಸ್ತ್ರಚಿಕಿತ್ಸೆಯ ಕೋಣೆಯ ನೆರವು, ರೋಗಿಗೆ ಧೈರ್ಯ ಹೇಳಿ ಸಂಶಯ ಬಗೆಹರಿಸುವ ಸಮಾಲೋಚನೆ. ಈ ತರಬೇತಿಯ ರೂಪುರೇಷೆಯಲ್ಲಿ ವೆಂಕಟಸ್ವಾಮಿಯವರ ತಂಗಿ ಡಾ. ಜಿ. ನಾಚ್ಚಿಯಾರ್ ಅವರ ಪಾಲು ದೊಡ್ಡದು. ಸಂಸ್ಥೆಯ ಸಿಬ್ಬಂದಿಯಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಇವರೇ. ರೋಗಿ ಆಸ್ಪತ್ರೆಯೊಳಗೆ ಕಳೆಯುವ ಹೊತ್ತಿನ ಹೆಚ್ಚಿನ ಪಾಲು ಕಳೆಯುವುದೂ ಇವರ ಕೈಯಲ್ಲೇ. ಹಾಗಾಗಿ ಅರವಿಂದದ ಸಂಸ್ಕೃತಿ ಎಂದು ಹೊರಗಿನವರು ಗುರುತಿಸುವ ಮೆಲುಮಾತು, ಶುಚಿ, ಸಮಯಪಾಲನೆಗಳೆಲ್ಲ ಮೂಲತಃ ಈ ಹುಡುಗಿಯರ ನಡವಳಿಕೆಯೇ ಆಗಿವೆ.

ಈ ವ್ಯವಸ್ಥೆಯನ್ನು ಶೋಷಣೆ ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕುವುದು ನ್ಯಾಯವಲ್ಲ. ಬೇಗ ಮದುವೆಯಾಗಿ ಹೊಲಕ್ಕೋ ನೂಲಿನ ಗಿರಣಿಗೋ ಹೋಗಬೇಕಾಗಿದ್ದ ಹೆಣ್ಣುಮಗಳಿಗೆ ಕೈಗೊಂದು ಸೂಕ್ಷ್ಮ ಕಸುಬು, ತಿಂಗಳ ಸಂಬಳ, ಊರಿನಲ್ಲಿ ಒಂದು ಗೌರವ ದೊರೆಯುವುದು ಸಣ್ಣ ಸಂಗತಿಯಲ್ಲ. ಆದರೆ ಮೆಚ್ಚುಗೆಯ ಬರಹಗಳು ಇಲ್ಲಿಗೆ ಬಂದು ನಿಲ್ಲುತ್ತವೆ, ವಿಮರ್ಶೆಯ ಕೆಲಸ ಇಲ್ಲಿಂದ ಶುರುವಾಗುತ್ತದೆ. ವೈದ್ಯರಿಗೆ ‘ಸೇವೆ’ ಒಂದು ಆಯ್ಕೆ: ಮಾರುಕಟ್ಟೆಯಲ್ಲಿ ತಮ್ಮ ವಿದ್ಯೆಗೆ ಎಷ್ಟು ಬೆಲೆಯಿದೆಯೆಂದು ತಿಳಿದು, ಅದಕ್ಕಿಂತ ಕಡಿಮೆಗೆ ದುಡಿಯಲು ಅವರು ಒಪ್ಪುತ್ತಾರೆ, ಸಾಕೆನಿಸಿದಾಗ ಹೊರಗೆ ಹೋಗಿ ಸ್ವಂತ ಚಿಕಿತ್ಸಾಲಯ ತೆರೆಯುತ್ತಾರೆ. ಹದಿನೆಂಟರ ಹುಡುಗಿಗೆ ಅಂಥ ತಿಳಿವಳಿಕೆಯೂ ಇರುವುದಿಲ್ಲ, ಅಂಥ ಬಾಗಿಲೂ ಇರುವುದಿಲ್ಲ. ಒಂದೇ ಕೆಲಸದಲ್ಲಿ ಅತಿ ನಯವಾಗಿ ಪಳಗಿದ ಕೈ, ಆ ಕೆಲಸವನ್ನು ಅದೇ ಬಗೆಯಲ್ಲಿ ಹಂಚಿಕೊಂಡಿರದ ಬೇರೆ ಆಸ್ಪತ್ರೆಗೆ ಹೋದರೆ ಅರ್ಧ ಕಲಿತ ಕೈಯಂತೆ ಕಾಣುತ್ತದೆ. ಒಂದೇ ಪದವನ್ನು ಇಬ್ಬರಿಗೂ ಬಳಸಿದಾಗ ಕೊಡುವವರ ನಡುವಿನ ಈ ಅಂತರ ಮರೆಯಾಗುತ್ತದೆ. ಕನ್ನಡದಲ್ಲಿ ‘ಸೇವೆ’ ಎಂಬ ಮಾತು ಗುಡಿಯ ಸೇವೆಗೂ ಸರ್ಕಾರಿ ನೌಕರಿಗೂ ಒಂದೇ ಆಗಿ ಸಲ್ಲುವುದರಿಂದ ಈ ಮರೆವು ಇಲ್ಲಿಯ ಓದುಗರಿಗೆ ಹೊಸದೇನಲ್ಲ.

‘ಇನ್‌ಫಿನಿಟ್ ವಿಷನ್’ ಪುಸ್ತಕದ ಬಲವೂ ಮಿತಿಯೂ ಈ ಹಿನ್ನೆಲೆಯಲ್ಲಿ ತಿಳಿಯಾಗುತ್ತವೆ. ಲೇಖಕಿಯರಲ್ಲಿ ಒಬ್ಬರಾದ ಪವಿತ್ರಾ ಮೆಹ್ತಾ ಸ್ಥಾಪಕರಿಗೆ ಮೊಮ್ಮಗಳಾಗಬೇಕಾದವರು. ಹೊರಗಿನವರಿಗೆ ಸಿಗದ ದಿನಚರಿ, ಮನೆಯ ಮಾತುಕತೆ, ಹಿರಿಯರ ಸಣ್ಣಪುಟ್ಟ ಹಟಗಳು ಪುಸ್ತಕಕ್ಕೆ ಒದಗಿರುವುದು ಈ ನಂಟಿನಿಂದ. ವೆಂಕಟಸ್ವಾಮಿಯವರು ಅಲ್ಲಿ ಪಟದ ಮಹಾತ್ಮರಾಗದೆ ತಮ್ಮ ಅಸಹನೆಯನ್ನು ದಿನಚರಿಯಲ್ಲಿ ಬರೆದು ತಿದ್ದಿಕೊಳ್ಳಲು ಹೆಣಗುವ ಮನುಷ್ಯರಾಗಿ ಕಾಣಿಸುತ್ತಾರೆ. ಸಿಸ್ಟರ್‌ಗಳ ಬಗ್ಗೆಯೂ ಪುಸ್ತಕ ಗೌರವದಿಂದಲೇ ಬರೆಯುತ್ತದೆ. ಆದರೆ ನಿರೂಪಣೆಯ ನಡುಮನೆ ಕುಟುಂಬದ್ದು. ಸಿಸ್ಟರ್‌ಗಳು ಅಲ್ಲಿಗೆ ಬಂದು ಹೋಗುತ್ತಾರೆ. ಸಂಸ್ಥೆಯ ಚುಕ್ಕಾಣಿಯೂ ಬಹುಕಾಲ ನಂಟಸ್ತಿಕೆಯೊಳಗೇ ಉಳಿದುದನ್ನು, ಸ್ಥಾಪಕರ ನಂತರ ಅವರ ತಂಗಿಯ ಗಂಡ ಡಾ. ಪಿ. ನಂಪೆರುಮಾಳ್‌ಸ್ವಾಮಿಯವರು ಮುಖ್ಯಸ್ಥರಾದುದನ್ನು ಗಮನಿಸಿದರೆ, ‘ನಾವೆಲ್ಲ ಒಂದೇ ಮನೆಯವರು’ ಎಂಬ ಕೆಲಸದ ಮನೆಗಳ ಪ್ರಿಯವಾದ ರೂಪಕಕ್ಕೆ ಇಲ್ಲಿ ಎರಡು ಅರ್ಥಗಳಿರುವುದು ತಿಳಿಯುತ್ತದೆ: ಕೆಲವರು ನಿಜವಾಗಿಯೂ ಮನೆಯವರು, ಉಳಿದವರು ಮನೆಯವರಂತೆ. ಕುಟುಂಬದ ಒಗ್ಗಟ್ಟು ಆರಂಭದ ಕಷ್ಟಕಾಲವನ್ನು ದಾಟಿಸಿತು, ಅದಿಲ್ಲದೆ ಹನ್ನೊಂದು ಹಾಸಿಗೆಗಳು ಹನ್ನೆರಡಾಗುತ್ತಿರಲಿಲ್ಲ ಎನ್ನುವುದೂ ಅಷ್ಟೇ ನಿಜ.

ಅರವಿಂದದ ಕ್ರಮವನ್ನು ಕಲಿಸಲೆಂದೇ 1992ರಲ್ಲಿ ಸ್ಥಾಪಿತವಾದ ಲೈಕೋ ಸಂಸ್ಥೆಯ ಮೂಲಕ ದೇಶ ವಿದೇಶಗಳ ನೂರಾರು ಕಣ್ಣಿನ ಆಸ್ಪತ್ರೆಗಳು ಮಧುರೈಗೆ ಬಂದು ಪಾಠ ಹೇಳಿಸಿಕೊಂಡಿವೆ. ತಮ್ಮ ಎದುರಾಳಿಗಳಾಗಬಹುದಾದವರಿಗೂ ಗುಟ್ಟನ್ನು ಬಿಟ್ಟುಕೊಡುವ ಈ ಔದಾರ್ಯಕ್ಕೆ ವ್ಯವಹಾರ ಲೋಕದಲ್ಲಿ ಸಾಟಿ ಕಡಿಮೆ. ಬಂದವರಿಗೆ ಎರಡು ಮೇಜುಗಳನ್ನು ಕೊಂಡೊಯ್ಯುವುದು ಸುಲಭ, ರೋಗಿ ತಾನು ಹಣ ಕೊಡಬಲ್ಲೆನೋ ಇಲ್ಲವೋ ಎಂಬುದನ್ನು ತಾನೇ ತೀರ್ಮಾನಿಸಲಿ, ಆದಾಯದ ಪುರಾವೆ ಕೇಳುವುದು ಬೇಡ ಎಂಬ ನಿಯಮವನ್ನು ಕೊಂಡೊಯ್ಯುವುದು ಅಷ್ಟು ಸುಲಭವಲ್ಲ. ಪಕ್ಕದ ಮೇಜಿನವರ ಪ್ರಶ್ನೆಯಂತೂ ಪಾಠದ ಜೊತೆಗೇ ಊರೂರಿಗೆ ಹೋಗುತ್ತದೆ. ಕಣ್ಣಿನ ಸೋಂಕನ್ನು ಹತ್ತು ಸಾವಿರಕ್ಕೆ ಎರಡು, ಏಳು ಎಂದು ಲೆಕ್ಕವಿಟ್ಟು ತೋರಿಸಬಲ್ಲ ಸಂಸ್ಥೆಗೆ, ತನ್ನಲ್ಲಿ ತರಬೇತಿ ಪಡೆದ ನೂರು ಸಿಸ್ಟರ್‌ಗಳಲ್ಲಿ ಹತ್ತು ವರ್ಷದ ನಂತರ ಎಷ್ಟು ಮಂದಿ ಅದೇ ಕಸುಬಿನಲ್ಲಿದ್ದಾರೆ, ಎಷ್ಟು ಸಂಬಳಕ್ಕೆ, ಯಾವ ಹುದ್ದೆಯಲ್ಲಿ, ಮದುವೆಯ ನಂತರ ಮರಳಿ ಬಂದವರು ಎಷ್ಟು ಎಂಬ ಇನ್ನೊಂದು ದಫ್ತರವನ್ನು ಅದೇ ಶಿಸ್ತಿನಿಂದ ಇಡುವುದು ಕಷ್ಟವೇನಲ್ಲ. ಶಿಬಿರಗಳ ಬಗ್ಗೆ ನೂರಕ್ಕೆ ಏಳು ಎಂಬ ಅಂಕಿ ಬಂದಾಗ ಅದನ್ನು ಎದುರಿಸಿದ ಮನಸ್ಸು ಅಲ್ಲಿ ಇದ್ದೇ ಇದೆ.