ಮೇ ದ್ವೀಪದ ಮೂಡುಗಾಳಿ

ಸೆಪ್ಟೆಂಬರ್‌ನಲ್ಲಿ ಮೂಡುಗಾಳಿಗೆ ಮಳೆಯೂ ಜೊತೆಗೂಡಿತೆಂದರೆ ಸ್ಕಾಟ್ಲೆಂಡಿನ ಹಕ್ಕಿಪ್ರಿಯರ ಮನಸ್ಸು ಐಲ್ ಆಫ್ ಮೇ ಕಡೆಗೆ ಓಡುತ್ತದೆ. ಫೋರ್ತ್ ಅಳಿವೆಯ ಬಾಯಲ್ಲಿರುವ ಈ ಬಂಡೆದ್ವೀಪದ ಉದ್ದ ಎರಡು ಕಿಲೋಮೀಟರೂ ಇಲ್ಲ. ಸ್ಕ್ಯಾಂಡಿನೇವಿಯಾದಿಂದ ದಕ್ಷಿಣಕ್ಕೆ ಹೊರಟ ಪುಟ್ಟ ಹಕ್ಕಿಗಳು ಗಾಳಿಗೆ ಸಿಕ್ಕಿ, ಉತ್ತರ ಸಮುದ್ರದ ಮೇಲೆ ದಿಕ್ಕುತಪ್ಪಿ, ಸುಸ್ತಾಗಿ ಇಲ್ಲಿನ ಕಲ್ಲುಗೋಡೆಗಳ ಮರೆಗೆ ಬಂದಿಳಿಯುತ್ತವೆ.

ಗಾಳಿಗೂ ವಲಸೆಗೂ ಇರುವ ಈ ನಂಟನ್ನು ಪಟ್ಟುಹಿಡಿದು ಗುರುತಿಸಿದವರು ಎವೆಲಿನ್ ಬ್ಯಾಕ್ಸ್‌ಟರ್ ಮತ್ತು ಲಿಯೊನೊರಾ ರಿಂಟೂಲ್ ಎಂಬ ಗೆಳತಿಯರು. 1907ರಿಂದ ಅವರು ವಲಸೆಯ ಕಾಲಕ್ಕೆ ದ್ವೀಪಕ್ಕೆ ಬಂದು ತಂಗುತ್ತಿದ್ದರು. ಯಾವ ಗಾಳಿಗೆ ಯಾವ ಹಕ್ಕಿ ಬಂತೆಂದು ಬರೆದಿಡುತ್ತಿದ್ದರು. 1953ರಲ್ಲಿ ಹೊರಬಂದ ಅವರ ‘ದಿ ಬರ್ಡ್ಸ್ ಆಫ್ ಸ್ಕಾಟ್ಲೆಂಡ್’ ಎರಡು ಸಂಪುಟಗಳ ಕೃತಿ. 1934ರಲ್ಲಿ ಇಲ್ಲಿ ಶುರುವಾದ ಪಕ್ಷಿ ವೀಕ್ಷಣಾಲಯದ ಹಿಂದೆ ಇವರ ದುಡಿಮೆ ಇದೆ. ಅಲ್ಲಿ ಇಂದಿಗೂ ಹಕ್ಕಿಗಳನ್ನು ಲಾಳಿಕೆಯಾಕಾರದ ಬಲೆಮನೆಯೊಳಕ್ಕೆ ಮೆಲ್ಲಗೆ ಅಟ್ಟಿ, ಅಳತೆ ತೆಗೆದು, ಕಾಲಿಗೆ ಉಂಗುರ ತೊಡಿಸಿ ಬಿಡುತ್ತಾರೆ. ವೀಕ್ಷಕರು ತಂಗುವುದು ಎಂದೋ ಬಳಕೆ ನಿಂತ, 1844ರ ಲೋ ಲೈಟ್ ದೀಪಗೃಹದಲ್ಲಿ.

ದೀಪದ ಕಥೆ ಅದಕ್ಕಿಂತ ಹಳೆಯದು. ಸ್ಕಾಟ್ಲೆಂಡಿನ ಮೊದಲ ಕಾಯಂ ದೀಪಸ್ತಂಭ 1636ರಲ್ಲಿ ಇಲ್ಲೇ ಹೊತ್ತಿಕೊಂಡಿತು. ಗೋಪುರದ ನೆತ್ತಿಯ ಮೇಲೆ ಬಯಲಲ್ಲೇ ಕಲ್ಲಿದ್ದಲು ಉರಿಸುತ್ತಿದ್ದರು. ಬಿರುಗಾಳಿಯ ರಾತ್ರಿಗಳಲ್ಲಿ ರಾಶಿರಾಶಿ ಇದ್ದಲು ಬೇಕಾಗುತ್ತಿತ್ತು. 1791ರಲ್ಲಿ ಬೂದಿಗುಡ್ಡೆಯಿಂದ ಎದ್ದ ವಿಷಹೊಗೆಗೆ ಕಾವಲುಗಾರ, ಅವನ ಹೆಂಡತಿ ಮತ್ತು ಐವರು ಮಕ್ಕಳು ಮಲಗಿದಲ್ಲೇ ಸತ್ತರು. ಬದುಕುಳಿದದ್ದು ಒಂದು ಹಸುಗೂಸು. ಕೋಟೆಯಂತೆ ಕಾಣುವ ಈಗಿನ ದೀಪಸ್ತಂಭವನ್ನು ರಾಬರ್ಟ್ ಸ್ಟೀವನ್‌ಸನ್ 1816ರಲ್ಲಿ ಕಟ್ಟಿದ.

ಮಧ್ಯಯುಗದ ಕ್ರೈಸ್ತ ಮಠದ ಅವಶೇಷಗಳೂ ಇಲ್ಲಿವೆ. ಆದರೆ ಬೇಸಿಗೆಯ ಯಾತ್ರಿಕರ ಕಣ್ಣು ಪಫಿನ್‌ಗಳ ಮೇಲೆ. ಏಪ್ರಿಲ್‌ನಿಂದ ಆಗಸ್ಟ್‌ ಮೊದಲವರೆಗೆ ಹತ್ತಾರು ಸಾವಿರ ಜೋಡಿಗಳು ಮಣ್ಣಿನ ಬಿಲಗಳಲ್ಲಿ ಒಂದೊಂದೇ ಮೊಟ್ಟೆಯಿಟ್ಟು, ಬಣ್ಣದ ಕೊಕ್ಕಿನ ತುಂಬ ಮರಳುಮೀನು ಕಚ್ಚಿ ತಂದು ಮರಿ ಸಾಕುತ್ತವೆ. ಕಾಲುದಾರಿ ಬಿಟ್ಟು ಒಂದು ಹೆಜ್ಜೆ ಆಚೆ ಇಟ್ಟರೂ ಬಿಲ ಕುಸಿದೀತು.

1956ರಿಂದ ದ್ವೀಪ ರಾಷ್ಟ್ರೀಯ ಸಂರಕ್ಷಿತ ಪ್ರದೇಶ. ಸೆಪ್ಟೆಂಬರ್ ಮುಗಿಯುವ ಹೊತ್ತಿಗೆ ಪ್ರವಾಸಿ ದೋಣಿಗಳು ನಿಲ್ಲುತ್ತವೆ, ನಿಲ್ಲಲೇಬೇಕು: ಆಮೇಲೆ ಬೂದು ಸೀಲ್‌ಗಳು ಸಾವಿರಗಟ್ಟಲೆ ದಡವೇರಿ, ಹುಲ್ಲಿನ ಮೇಲೂ ಮರಿಹಾಕುತ್ತವೆ. ಬೆದರಿದ ತಾಯಿ ಬಿಟ್ಟುಹೋದ ಮರಿಗೆ ಹಾಲಿನ ಬೇರೆ ದಾರಿಯಿಲ್ಲ.