ತುಘಲಕನ ನಿದ್ದೆ

ಈ ಸಲ ನಾವು ಮತ್ತೆ ಓದಿದ್ದು ಕಾರ್ನಾಡರ 'ತುಘಲಕ್' (1964). ನೆಹರೂ ಯುಗದ ಭ್ರಮನಿರಸನ ಎಂಬ ಹಳೆಯ ಮಾತು ಸಾಕೆನಿಸಿತು. ಪ್ರಾಜೆಕ್ಟ್ ಪ್ಲಾನ್ ಬರೆದೇ ಬದುಕುವ ನಮಗೆ ಈ ಸುಲ್ತಾನ ತೀರಾ ಪರಿಚಿತ. ಚದುರಂಗದ ಸಮಸ್ಯೆ ಬಿಡಿಸಿದ ಹುಮ್ಮಸ್ಸಿನಲ್ಲೇ ದಿಲ್ಲಿಯನ್ನು ದೌಲತಾಬಾದಿಗೆ ಎತ್ತಿಡಲು ಹೊರಡುತ್ತಾನೆ. ಕಾಯಿಗಳಿಗೂ ಮನಸ್ಸಿದೆ ಎಂಬುದು ಲೆಕ್ಕದಲ್ಲಿಲ್ಲ. ಪ್ರತಿ ಹೊಸ ಕಾನೂನಿನಲ್ಲೂ ಅಗಸ ಅಜೀಜನಿಗೊಂದು ಕಿಂಡಿ ಸಿಗುತ್ತದೆ. ನಮ್ಮ ಕಸುಬಿನಲ್ಲಿ ಇದಕ್ಕೆ ಬಗ್ ಎನ್ನುತ್ತೇವೆ! ಗುಲಾಬಿ ತೋಟದಲ್ಲಿ ಖೋಟಾ ನಾಣ್ಯಗಳ ರಾಶಿ ಬೀಳುವುದಂತೂ ಕ್ರೂರ ಚಿತ್ರ.

ಆದರೆ ನಮ್ಮನ್ನು ಕಾಡಿದ್ದು ನಿದ್ದೆ. ಮೊದಲು ನಿದ್ದೆಯೇ ಬೇಡವೆನ್ನುವವನಿಗೆ ಆಮೇಲೆ ಅದು ಬೇಕೆಂದರೂ ಬಾರದು. ಎಲ್ಲವೂ ಕೈತಪ್ಪಿದ ಮೇಲೆ ಸಿಂಹಾಸನದಲ್ಲೇ ತೂಕಡಿಸುತ್ತಾನೆ. ಬಿಡುಗಡೆ ಎಂದರು ನಮ್ಮಲ್ಲಿ ಕೆಲವರು. ನಮಗೆ ಹಾಗನ್ನಿಸಲಿಲ್ಲ. ಎಚ್ಚರವಾದಾಗ ತಾನೆಲ್ಲಿದ್ದೇನೆಂದೇ ಅವನಿಗೆ ತಿಳಿಯದು.