ತಡೆದದ್ದು ಚಾನೆಲನ್ನು, ಉಳಿದದ್ದು ಪ್ರಶ್ನೆ

ಗಡಿಯಾಚೆಯಿಂದ ಬರುವ ಪ್ರಸಾರವೊಂದು ನಮ್ಮ ಮಕ್ಕಳಿಗೆ ಹಿಂಸೆ ಕಲಿಸುತ್ತಿದ್ದರೆ ಸರಕಾರ ಕೈಕಟ್ಟಿ ಕೂರಬೇಕೇ? ಖಂಡಿತ ಇಲ್ಲ. ಇದರಲ್ಲಿ ಎರಡು ಮಾತಿಲ್ಲ. ಇನ್ನೊಂದು ದೇಶದ ಜನರನ್ನು ದಂಗೆಗೆ ಎಬ್ಬಿಸುವ ರೇಡಿಯೋ ಪ್ರಸಾರವನ್ನು ತಡೆಯಬೇಕೆಂದು 1936ರಲ್ಲೇ ಜಿನೇವಾದಲ್ಲಿ ಒಪ್ಪಂದವಾಗಿತ್ತು. ಹಾಗಾಗಿ ತಡೆಯಬೇಕೇ ಬೇಡವೇ ಎಂದು ನಾವು ಜಗಳವಾಡಬೇಕಾಗಿಲ್ಲ. ಹೇಗೆ ತಡೆಯುತ್ತಾರೆ, ಆ ತಡೆಯಿಂದ ಯಾರು ಉಳಿಯುತ್ತಾರೆ ಎಂಬುದನ್ನು ನೋಡಬೇಕು.

ಇದಕ್ಕೆ ಥಾಣೆ ಜಿಲ್ಲೆಯ ಕಲ್ಯಾಣಕ್ಕಿಂತ ಹತ್ತಿರದ ಉದಾಹರಣೆ ಬೇಕಿಲ್ಲ. 2014ರ ಮೇ ತಿಂಗಳಲ್ಲಿ ಅಲ್ಲಿನ ನಾಲ್ವರು ಯುವಕರು ಯಾತ್ರಿಕರ ಗುಂಪಿನೊಂದಿಗೆ ಇರಾಕ್‌ಗೆ ಹೋಗಿ ಐಸಿಸ್ ಸೇರಿಕೊಂಡರು. ಓದು ಬರಹ ಬಲ್ಲ, ಮರ್ಯಾದಸ್ಥ ಮನೆಗಳ ಹುಡುಗರು. ಮಗ ಕಾಣುತ್ತಿಲ್ಲ ಎಂದು ಪೊಲೀಸರ ಬಳಿಗೆ ಹೋದದ್ದು ಮನೆಯವರೇ ಎಂಬುದನ್ನು ನೆನಪಿಡಿ. ಅವರಲ್ಲೊಬ್ಬ ಆ ವರ್ಷದ ನವೆಂಬರಿನಲ್ಲಿ ಮರಳಿ ಬಂದ. ಎನ್‌ಐಎ ಬಂಧಿಸಿತು. ವಿಚಾರಣೆ ಮುಗಿಯದೆ ವರ್ಷಗಳೇ ಕಳೆದವು. 2021ರಲ್ಲಿ ಬಾಂಬೆ ಹೈಕೋರ್ಟ್ ಆತನ ಜಾಮೀನನ್ನು ಎತ್ತಿಹಿಡಿಯಿತು.

ಆತ ಮರಳಿದ ಮರುತಿಂಗಳು ಸರಕಾರ ಮಾಡಿದ್ದೇನು ಗೊತ್ತೇ? ಐಸಿಸ್ ಪ್ರಚಾರವಿದೆಯೆಂದು ಮುಂಬೈ ಎಟಿಎಸ್ ಕೊಟ್ಟ ದೂರಿನ ಮೇಲೆ 32 ವೆಬ್ ವಿಳಾಸಗಳನ್ನು ಮುಚ್ಚಿಸಿತು. ಆ ಪಟ್ಟಿಯಲ್ಲಿ ಇಂಟರ್ನೆಟ್ ಆರ್ಕೈವ್ ಇತ್ತು, ವಿಮಿಯೋ ಇತ್ತು, ಇಂಜಿನಿಯರಿಂಗ್ ಹುಡುಗರು ಕೋಡ್ ಇಡುವ ಗಿಟ್‌ಹಬ್‌ನ ಪುಟವೂ ಇತ್ತು. ಕಳ್ಳ ಒಳಗೆ ಸೇರಿದ್ದಾನೆಂದು ಇಡೀ ಗ್ರಂಥಾಲಯಕ್ಕೇ ಬೀಗ ಜಡಿದ ಹಾಗೆ! ಗಲಾಟೆಯಾದ ಮೇಲೆ, ಕಂಪೆನಿಗಳು ಸಹಕರಿಸುತ್ತೇವೆ ಎಂದ ಮೇಲೆ, ಕೆಲವು ತಾಣಗಳನ್ನು ತೆರೆದರು. ಅಷ್ಟರಲ್ಲಿ ಪ್ರಚಾರ ಮಾಡುವವರು ಬೇರೆ ವಿಳಾಸಕ್ಕೆ ಹೋಗಿರುವುದಿಲ್ಲವೇ? ಅವರಿಗೆ ಬೇಕಾದ್ದು ಒಂದು ಹೊಸ ಲಿಂಕ್ ಮಾತ್ರ.

ಎರಡನೆಯ ಉದಾಹರಣೆ ಪೀಸ್ ಟಿವಿ. 2016ರ ಜುಲೈ 1ರಂದು ಢಾಕಾದ ಹೋಲಿ ಆರ್ಟಿಸಾನ್ ಬೇಕರಿಯಲ್ಲಿ ಹತ್ಯಾಕಾಂಡ ನಡೆಯಿತು. ದಾಳಿಕೋರರಲ್ಲೊಬ್ಬ ಝಾಕಿರ್ ನಾಯ್ಕ್‌ರ ಮಾತನ್ನು ಫೇಸ್‌ಬುಕ್‌ನಲ್ಲಿ ಹಂಚಿಕೊಂಡಿದ್ದ ಎಂಬ ವರದಿ ಬಂತು. ಬಾಂಗ್ಲಾದೇಶ ಚಾನೆಲನ್ನು ನಿಷೇಧಿಸಿತು. ದುಬೈಯಿಂದ ಪ್ರಸಾರವಾಗುತ್ತಿದ್ದ ಆ ಚಾನೆಲಿಗೆ ಭಾರತದಲ್ಲಿ ಅನುಮತಿಯೇ ಇರಲಿಲ್ಲ. ಆದರೂ ಕೇಬಲಿನಲ್ಲಿ ಬರುತ್ತಿತ್ತು. ಅಂದರೆ 1995ರ ಕೇಬಲ್ ಕಾಯ್ದೆ ವರ್ಷಗಟ್ಟಲೆ ನಿದ್ದೆ ಮಾಡಿತ್ತು, ಢಾಕಾದಲ್ಲಿ ರಕ್ತ ಹರಿದ ಮೇಲೆ ಎದ್ದಿತು. ಆಪರೇಟರುಗಳ ಮೇಲೆ ಕ್ರಮ ಕೈಗೊಳ್ಳಿ ಎಂದು ಕೇಂದ್ರ ರಾಜ್ಯಗಳಿಗೆ ಬರೆಯಿತು. ನವೆಂಬರಿನಲ್ಲಿ ಅವರ ಸಂಸ್ಥೆ ಯುಎಪಿಎ ಅಡಿಯಲ್ಲಿ ನಿಷೇಧಗೊಂಡಿತು.

ಇದೇ ಚಾನೆಲಿನ ವಿಷಯದಲ್ಲಿ ಬ್ರಿಟನ್ ಏನು ಮಾಡಿತು, ಹೋಲಿಸಿ ನೋಡಿ. ಅಲ್ಲಿನ ಪ್ರಸಾರ ನಿಯಂತ್ರಕ ಆಫ್‌ಕಾಮ್ ಯಾವ ಕಾರ್ಯಕ್ರಮ, ಯಾವ ಮಾತು, ಯಾಕೆ ತಪ್ಪು ಎಂದು ಬರೆದು ಪ್ರಕಟಿಸಿತು. ಮಾಟಗಾರರನ್ನು ಕೊಲ್ಲಬೇಕೆಂಬ ಅರ್ಥದ ಮಾತು ಆ ಪಟ್ಟಿಯಲ್ಲಿತ್ತು. ಚಾನೆಲಿನವರ ಉತ್ತರ ಕೇಳಿತು. 2020ರಲ್ಲಿ ಪೀಸ್ ಟಿವಿ ಉರ್ದುವಿಗೆ 2 ಲಕ್ಷ ಪೌಂಡ್, ಪೀಸ್ ಟಿವಿಗೆ 1 ಲಕ್ಷ ಪೌಂಡ್ ದಂಡ ಹಾಕಿತು. ಆ ತೀರ್ಪನ್ನು ಯಾರು ಬೇಕಾದರೂ ಓದಬಹುದು, ಒಪ್ಪಬಹುದು, ಟೀಕಿಸಬಹುದು. ನಮ್ಮಲ್ಲಿ 69ಎ ಕಲಮಿನಡಿ ಒಂದು ಪುಟ ಮುಚ್ಚಿದರೆ, ದೂರು ಮತ್ತು ಕ್ರಮವನ್ನು ಗುಟ್ಟಾಗಿಡಬೇಕೆಂದು 2009ರ ನಿಯಮವೇ ಹೇಳುತ್ತದೆ. ಕಾರಣ ಗುಟ್ಟಾದರೆ ಜನ ತಮಗೆ ಬೇಕಾದ ಕಾರಣ ಹುಟ್ಟಿಸಿಕೊಳ್ಳುತ್ತಾರೆ. ಒಬ್ಬರಿಗೆ ಅದು ಭಯೋತ್ಪಾದನೆಯ ಪುರಾವೆ, ಇನ್ನೊಬ್ಬರಿಗೆ ಸಮುದಾಯದ ವಿರುದ್ಧ ಸಂಚು. ಆ ಮಾತುಗಳನ್ನು ತೂಗಿ ನೋಡುವ ಕೆಲಸ ಮಾತ್ರ ಯಾರೂ ಮಾಡುವುದಿಲ್ಲ.

ಗೆರೆ ಎಲ್ಲಿ ಎಳೆಯಬೇಕು ಎಂಬುದನ್ನು ನಮ್ಮ ಸುಪ್ರೀಂ ಕೋರ್ಟೇ ಹೇಳಿದೆ. 2012ರಲ್ಲಿ, ಆಗ ಥಾಣೆ ಜಿಲ್ಲೆಗೇ ಸೇರಿದ್ದ ಪಾಲ್ಘರಿನಲ್ಲಿ, ಒಂದು ಫೇಸ್‌ಬುಕ್ ಪೋಸ್ಟಿಗಾಗಿ ಇಬ್ಬರು ಹುಡುಗಿಯರನ್ನು ಬಂಧಿಸಿದ್ದರು. ಬಾಳ್ ಠಾಕ್ರೆ ನಿಧನಕ್ಕೆ ಊರೆಲ್ಲ ಬಂದ್ ಯಾಕೆ ಎಂದು ಒಬ್ಬಳು ಕೇಳಿದ್ದಳು, ಇನ್ನೊಬ್ಬಳು ಲೈಕ್ ಒತ್ತಿದ್ದಳು. ಆ ಬಳಿಕ ದಾಖಲಾದ ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ 2015ರ ಮಾರ್ಚ್ 24ರಂದು ಕೋರ್ಟ್ 66ಎ ಕಲಮನ್ನು ರದ್ದು ಮಾಡಿತು. 69ಎಯನ್ನು ಉಳಿಸಿತು. ಚರ್ಚೆ ಬೇರೆ, ಸಮರ್ಥನೆ ಬೇರೆ, ಪ್ರಚೋದನೆ ಬೇರೆ. ಮೂರನೆಯದಕ್ಕೆ ಬಂದಾಗ ಮಾತ್ರ ಕಾನೂನು ಕೈ ಹಾಕಬಹುದು ಎಂದಿತು. ಈ ಮೂರು ಪದಗಳನ್ನು ವಿದ್ಯಾರ್ಥಿಗಳು ಬಾಯಿಪಾಠ ಮಾಡಬೇಕು.

ಈ ಅಳತೆಗೋಲು ಹಿಡಿದು 2025ರ ಏಪ್ರಿಲ್ ನೋಡಿ. ಪಹಲ್ಗಾಮ್ ದಾಳಿಯ ಬಳಿಕ 16 ಪಾಕಿಸ್ತಾನಿ ಯೂಟ್ಯೂಬ್ ಚಾನೆಲುಗಳನ್ನು ತಡೆದರು. ಅದರಲ್ಲಿ ಡಾನ್ ನ್ಯೂಸ್ ಇತ್ತು, ಕ್ರಿಕೆಟಿಗ ಶೋಯೆಬ್ ಅಖ್ತರ್ ಚಾನೆಲೂ ಇತ್ತು. ಪ್ರಚೋದನೆ ಮಾಡಿದವನನ್ನೂ ಬೌಲಿಂಗ್ ಬಗ್ಗೆ ಹರಟುವವನನ್ನೂ ಒಂದೇ ಚೀಲಕ್ಕೆ ತುಂಬಿದರೆ, ನಿಜವಾದ ಪ್ರಚೋದನೆಯ ತೂಕವೇ ಕಡಿಮೆಯಾಗುತ್ತದೆ.

ಸರಕಾರವನ್ನು ಟೀಕಿಸಿ ನಾವು ಕೈತೊಳೆದುಕೊಳ್ಳುವಂತಿಲ್ಲ. ಪೀಸ್ ಟಿವಿ ನಿಷೇಧವಾದಾಗ ನಮ್ಮಲ್ಲಿ ಅರ್ಧ ಜನ ಸಂಚು ಎಂದರು, ಅರ್ಧ ಜನ ನಮಗ್ಯಾಕೆ ಉಸಾಬರಿ ಎಂದು ಬಾಯಿ ಮುಚ್ಚಿದರು. ಮಾಟಗಾರರ ಕೊಲೆಯ ಮಾತು ಟಿವಿಯಲ್ಲಿ ಬಂದರೆ ಅದು ತಪ್ಪು ಎಂದು ಮೊದಲು ಹೇಳಬೇಕಾದವರು ನಾವೇ ಅಲ್ಲವೇ? ಅದಕ್ಕೆ ಲಂಡನಿನ ಅಧಿಕಾರಿ ಬೇಕಿತ್ತೇ?

ದಾರಿಯೂ ಇದೆ. 2015ರ ಡಿಸೆಂಬರಿನಲ್ಲಿ ಪುಣೆಯ 16 ವರ್ಷದ ಹುಡುಗಿಯೊಬ್ಬಳು ಇಂಟರ್ನೆಟ್ ಮೂಲಕ ಐಸಿಸ್ ಬಲೆಗೆ ಬೀಳುತ್ತಿದ್ದಾಳೆ ಎಂದು ತಿಳಿದಾಗ ಮಹಾರಾಷ್ಟ್ರ ಎಟಿಎಸ್ ಅವಳನ್ನು ಜೈಲಿಗೆ ಕಳಿಸಲಿಲ್ಲ. ಮನೆಯವರನ್ನು, ಧರ್ಮಗುರುಗಳನ್ನು ಜೊತೆಗೆ ಕೂರಿಸಿಕೊಂಡು ಮಾತಾಡಿಸಿತು. ಅದೇ ಮಹಾರಾಷ್ಟ್ರ, ಅದೇ ಎಟಿಎಸ್. 32 ವಿಳಾಸ ಮುಚ್ಚಿಸಿದ್ದಕ್ಕಿಂತ ಈ ಒಂದು ಕೆಲಸ ದೊಡ್ಡದು.

ಡೊಂಬಿವಲಿ, ಕಲ್ಯಾಣ, ನವಿ ಮುಂಬೈಗಳಲ್ಲಿ ಅನ್ನ ಹುಡುಕಿಕೊಂಡು ಹೋಗಿ ನೆಲೆಸಿದ ನಮ್ಮೂರಿನ ಕುಟುಂಬಗಳು ಎಷ್ಟಿಲ್ಲ! ಅಪ್ಪ ಬೆಳಗ್ಗೆ ಲೋಕಲ್ ಹತ್ತಿದರೆ ರಾತ್ರಿ ಬರುತ್ತಾರೆ, ಮಗನ ಕೈಯಲ್ಲಿ ಮೊಬೈಲ್ ಇರುತ್ತದೆ. ಅವನು ಏನು ಕೇಳುತ್ತಿದ್ದಾನೆಂದು ದಿಲ್ಲಿಯ ಅಧಿಕಾರಿಗಿಂತ ಮೊದಲು ಗೊತ್ತಾಗಬೇಕಾದ್ದು ಮನೆಯವರಿಗೆ. ಗೊತ್ತಾದಾಗ ಹೆದರದೆ ಹೋಗಿ ಹೇಳಬಹುದಾದ ಒಬ್ಬ ಮೇಷ್ಟ್ರು, ಒಬ್ಬ ಉಸ್ತಾದ್, ಒಬ್ಬ ಪೊಲೀಸ್ ಅಧಿಕಾರಿ ಇರಬೇಕು. ಹೋಗಿ ಹೇಳಿದವರ ಮನೆಯನ್ನೇ ಸಂಶಯದಿಂದ ನೋಡಿದರೆ ನಾಳೆ ಯಾವ ತಾಯಿಯೂ ಠಾಣೆಯ ಮೆಟ್ಟಿಲು ಹತ್ತುವುದಿಲ್ಲ. ಸರಕಾರ ಮೊದಲು ಉಳಿಸಿಕೊಳ್ಳಬೇಕಾದ್ದು ಆ ತಾಯಿಯ ನಂಬಿಕೆಯನ್ನು.